ಕಂಬದ ಮೇಲಿನ ಗಂಟು: ನಮ್ಮ ಬಸದಿಗಳ ಹೆಣಿಗೆಯ ಪಟ್ಟಿಕೆಗಳು

(ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)

 

ಪ್ರತಿಷ್ಠೆಯ ಈ ಶುಭದಿನಗಳಲ್ಲಿ ಎಲ್ಲರ ದೃಷ್ಟಿಯೂ ಗರ್ಭಗೃಹದ ಜಿನಬಿಂಬದ ಮೇಲೆ ನೆಟ್ಟಿರುವುದು ಸಹಜ, ಯುಕ್ತವೂ ಹೌದು. ಗರ್ಭ, ಜನ್ಮ, ದೀಕ್ಷಾ, ಕೇವಲಜ್ಞಾನ, ಮೋಕ್ಷ ಎಂಬ ಪಂಚಕಲ್ಯಾಣಗಳು ಕ್ರಮವಾಗಿ ನಡೆದು ಶಿಲೆಯು ಪೂಜ್ಯವಾಗುವ ಈ ಹೊತ್ತಿನಲ್ಲಿ ಕಂಬದ ಮೇಲಿನ ಕೆತ್ತನೆಯ ಮಾತೇಕೆ ಎಂದು ಕೆಲವರಿಗೆ ತೋರಬಹುದು. ಆದರೆ ದರ್ಶನಕ್ಕಾಗಿ ಸಾಲಿನಲ್ಲಿ ನಿಂತವರು ಆಯಾಸದಿಂದ ಪಕ್ಕದ ಕಂಬಕ್ಕೆ ಕೈಯೂರುತ್ತಾರೆ. ಹಳೆಯ ಬಸದಿಯಾಗಿದ್ದರೆ ಆ ಅಂಗೈಯ ಕೆಳಗೆ ಬಹುಮಟ್ಟಿಗೆ ಒಂದು ಗಂಟು ಇರುತ್ತದೆ. ಎಷ್ಟೋ ತಲೆಮಾರುಗಳ ಅಂಗೈಗಳು ಸವರಿ ನುಣುಪಾದ ಗಂಟು ಅದು. ಕೈಗೆ ಅದರ ಪರಿಚಯ ಚೆನ್ನಾಗಿ ಇದೆ. ಕಣ್ಣು ಮಾತ್ರ ಅದನ್ನು ನೋಡಿಯೇ ಇಲ್ಲ. ಈ ಉಪನ್ಯಾಸದ ವಿಷಯ ಅದೇ.

ಮೊದಲು ಅದು ಏನೆಂಬುದನ್ನು ಹೇಳಬೇಕು. ಒಂದೋ ಎರಡೋ ಮೂರೋ ಪಟ್ಟಿಗಳು ಓರೆಯಾಗಿ ಓಡುತ್ತ, ಒಂದನ್ನೊಂದು ಒಮ್ಮೆ ಮೇಲಿನಿಂದ, ಒಮ್ಮೆ ಕೆಳಗಿನಿಂದ ದಾಟುತ್ತ, ಅಂಚಿಗೆ ಬಂದಾಗ ಹೊರಳಿ ಹಿಂದಿರುಗಿ, ಕೊನೆಗೆ ಹೊರಟ ಸ್ಥಳಕ್ಕೇ ಬಂದು ಸೇರುವ ಕೆತ್ತನೆ. ಅದಕ್ಕೆ ಮೊದಲಿಲ್ಲ, ತುದಿಯಿಲ್ಲ. ನೋಡುವವರು ತಮ್ಮ ತಮ್ಮ ಬದುಕಿನಿಂದಲೇ ಅದಕ್ಕೆ ಹೆಸರು ಕೊಡುತ್ತಾರೆ. ಮೇದರವನಿಗೆ ಅದು ಬುಟ್ಟಿಯ ಹೆಣಿಗೆ, ರೈತನಿಗೆ ಹುರಿಗೊಳಿಸಿದ ಹಗ್ಗ, ಮಗಳ ತಲೆ ಬಾಚುವ ತಾಯಿಗೆ ಜಡೆ, ಹೂವಾಡಗಿತ್ತಿಗೆ ಮಾಲೆ. ಜವಳಿ ವ್ಯಾಪಾರಿಯು ಅದರಲ್ಲಿ ಸೀರೆಯ ಅಂಚನ್ನು ಕಂಡರೆ ಅವನನ್ನು ಯಾರೂ ಆಕ್ಷೇಪಿಸಬಾರದು. ನಾಗರ ಹಾವುಗಳ ಮೈ ಹೀಗೆ ಹೆಣೆದುಕೊಂಡಿದ್ದರೆ ಅದನ್ನು ನಾಗಬಂಧವೆನ್ನುವುದು ರೂಢಿ. ಕಂಬವು ಚೌಕದಿಂದ ಎಂಟು ಮೂಲೆಗೆ ತಿರುಗುವ ಎಡೆಯಲ್ಲಿ ಹೆಡೆಯಾಕಾರವನ್ನು ಬಿಡಿಸುವುದಕ್ಕೂ ಶಿಲ್ಪಿಗಳು ಇದೇ ಹೆಸರನ್ನು ಬಳಸುತ್ತಾರಾದ್ದರಿಂದ ಓದುವವರು ಎರಡನ್ನೂ ಬೆರೆಸಿಕೊಳ್ಳಬಾರದು. ಕವಿಗಳಲ್ಲಿಯೂ ನಾಗಬಂಧವುಂಟು. ಹೆಣೆದ ಹಾವಿನ ಚಿತ್ರದೊಳಗೆ ಅಕ್ಷರಗಳನ್ನು ಕೂರಿಸಿ, ಎಳೆಗಳು ದಾಟುವ ಕಡೆ ಒಂದೇ ಅಕ್ಷರವು ಎರಡು ಸಲ ಓದಿಗೆ ಒದಗುವಂತೆ ಪದ್ಯ ಕಟ್ಟುವ ಚಿತ್ರಕವಿತ್ವ ಅದು.

ಬಳ್ಳಿಯ ಕೆತ್ತನೆ ಇದಕ್ಕಿಂತ ಬೇರೆ. ಶ್ರವಣಬೆಳಗೊಳದ ದೊಡ್ಡಬೆಟ್ಟದಲ್ಲಿರುವ ತ್ಯಾಗದ ಬ್ರಹ್ಮದೇವರ ಕಂಬವನ್ನು ನೋಡಿದವರಿಗೆ ಈ ಭೇದ ತಿಳಿಯುತ್ತದೆ. ಹತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಚಾವುಂಡರಾಯನ ಕಾಲದಲ್ಲಿ ನಿಂತ ಆ ಕಂಬದ ಮೈತುಂಬ ಬಳ್ಳಿಯು ಸುರುಳಿ ಸುರುಳಿಯಾಗಿ ಏರಿದೆ. ಬಳ್ಳಿಗೆ ಬೇರುಂಟು, ಚಿಗುರುಂಟು. ಅದು ಎಲ್ಲಿಂದಲೋ ಹೊರಟು ಎಲ್ಲಿಗೋ ಹೋಗುತ್ತದೆ. ಹೆಣಿಗೆಯು ಎಲ್ಲಿಗೂ ಹೋಗುವುದಿಲ್ಲ, ತನ್ನಲ್ಲಿಯೇ ಸುತ್ತುತ್ತದೆ. ಮುಂದೆ ಧರ್ಮದ ಮಾತು ಬಂದಾಗ ಈ ಭೇದವು ನೆನಪಿನಲ್ಲಿರಬೇಕು.

ಕರ್ಣಾಟಕದಲ್ಲಿ ಈ ಹೆಣಿಗೆಯ ವೈಭವವನ್ನು ಕಾಣಬೇಕಾದರೆ ತುಳುನಾಡಿಗೆ ಹೋಗಬೇಕು. ಜೈನಕಾಶಿಯೆಂದು ಹೆಸರಾದ ಮೂಡುಬಿದಿರೆಯಲ್ಲಿ 18 ಬಸದಿಗಳಿವೆ. ಅವುಗಳಲ್ಲಿ ಹಿರಿದಾದ ಚಂದ್ರನಾಥ ಸ್ವಾಮಿಯ ತ್ರಿಭುವನತಿಲಕ ಚೂಡಾಮಣಿ ಬಸದಿಯು ವಿಜಯನಗರದ ಇಮ್ಮಡಿ ದೇವರಾಯನ ಆಳ್ವಿಕೆಯ ಕಾಲದಲ್ಲಿ, 1430ರಲ್ಲಿ, ನಿರ್ಮಾಣವಾಯಿತು. ಜನರ ಬಾಯಲ್ಲಿ ಅದು ಸಾವಿರ ಕಂಬದ ಬಸದಿ. ಹೊರಗಿನಿಂದ ನೋಡಿದರೆ ಇಳಿಜಾರು ಮಾಡಿನ, ಅಂತಸ್ತು ಅಂತಸ್ತಾದ, ಮರದ ಮನೆಯಂತಹ ಕಟ್ಟಡ. ಒಳಗೆ ಕಾಲಿಟ್ಟರೆ ಕಲ್ಲಿನ ಕಾಡು. ಒಂದು ಕಂಬದಂತೆ ಇನ್ನೊಂದು ಕಂಬವಿಲ್ಲವೆಂಬುದು ಅಲ್ಲಿಯ ಹಿರಿಯರ ಮಾತು. ಕೆಳಗೆ ಚೌಕ, ಮೇಲೆ ಎಂಟು ಮೂಲೆ, ಅದರ ಮೇಲೆ ಮತ್ತೆ ಚೌಕ, ಹೀಗೆ ಏರುವ ಆ ಕಂಬಗಳ ಚೌಕದ ಮುಖಗಳ ಮೇಲೆ ಹೆಣಿಗೆಗಳನ್ನು ಬಿಡಿಸಿದ್ದಾರೆ. ಒಂದು ಮುಖದಲ್ಲಿ ನಾಲ್ಕು ಕುಣಿಕೆಯ ಗಂಟು. ಪಕ್ಕದ ಮುಖದಲ್ಲಿ ಚಾಪೆಯಂತಹ ಹೆಣಿಗೆ. ಮತ್ತೊಂದರಲ್ಲಿ ವೃತ್ತದೊಳಗೆ ತಿರುಗುವ ಎಳೆ. ಅದರ ಮೇಲೆ ಹಂಸ, ಹೂವು, ಆನೆ. ಭೈರಾದೇವಿ ಮಂಟಪದ ತಳಭಾಗದಲ್ಲಿ ಜಿರಾಫೆ ಮತ್ತು ಚೀನ ದೇಶದ ಡ್ರ್ಯಾಗನ್ನನ್ನು ಹೋಲುವ ಪ್ರಾಣಿಗಳು ಇರುವುದನ್ನು ಯಾತ್ರಿಕರು ಬೆರಳಿಟ್ಟು ತೋರಿಸುತ್ತಾರೆ. ಕಡಲಾಚೆಯ ವ್ಯಾಪಾರದ ಸುದ್ದಿಯು ಉಳಿಯ ತುದಿಯವರೆಗೂ ಮುಟ್ಟಿತ್ತೆಂದು ಇದರಿಂದ ತಿಳಿಯುತ್ತದೆ.

ಕಾರ್ಕಳದಲ್ಲಿ ವೀರಪಾಂಡ್ಯನು 1432ರಲ್ಲಿ ಗೊಮ್ಮಟಸ್ವಾಮಿಯನ್ನು, 1436ರಲ್ಲಿ ಅದರೆದುರಿನ ಬ್ರಹ್ಮದೇವರ ಕಂಬವನ್ನು ಸ್ಥಾಪಿಸಿದನು. 1586ರಲ್ಲಿ ಇಮ್ಮಡಿ ಭೈರರಸನು ಚತುರ್ಮುಖ ಬಸದಿಯನ್ನು ಕಟ್ಟಿಸಿದನು. ವೇಣೂರಿನ ಗೊಮ್ಮಟನು 1604ರವನು; ಪ್ರತಿಷ್ಠೆ ಮಾಡಿಸಿದವನು ತಿಮ್ಮರಾಜ ಅಜಿಲ. ಹಿರಿಯಂಗಡಿ, ಗುರುವಾಯನಕೆರೆ ಮೊದಲಾದ ಕಡೆಗಳ ಮಾನಸ್ತಂಭಗಳು ಇದೇ ಪರಂಪರೆಗೆ ಸೇರಿದವು. ನೂರೆಪ್ಪತ್ತು ವರ್ಷಗಳಿಗೂ ಮಿಕ್ಕ ಈ ಅವಧಿಯಲ್ಲಿ ರಾಜರು ಬದಲಾದರು, ಶಿಲ್ಪಿಗಳ ತಲೆಮಾರುಗಳು ಬದಲಾದವು. ಹೆಣಿಗೆಯ ಕಸುಬು ಮಾತ್ರ ಕೈ ತಪ್ಪಲಿಲ್ಲ.

ಈ ಕಂಬಗಳನ್ನು ಕಂಡು ಬೆರಗಾದವರಲ್ಲಿ ಜೇಮ್ಸ್ ಫರ್ಗುಸನ್ ಎಂಬ ಸ್ಕಾಟ್ಲೆಂಡಿನ ವಿದ್ವಾಂಸನು ಒಬ್ಬ. 1876ರಲ್ಲಿ ಪ್ರಕಟವಾದ ಭಾರತೀಯ ವಾಸ್ತುವಿನ ಇತಿಹಾಸದಲ್ಲಿ ಆತನು ತುಳುನಾಡಿನ ಬಸದಿಗಳಿಗೂ ಸ್ತಂಭಗಳಿಗೂ ವಿಶೇಷ ಸ್ಥಾನವನ್ನು ಕೊಟ್ಟನು. ಮೂಡುಬಿದಿರೆಯ ಕಟ್ಟಡಗಳಿಗೂ ನೇಪಾಳದ ಕಟ್ಟಡಗಳಿಗೂ ಹೋಲಿಕೆಯಿದೆಯೆಂದನು. ಈ ಹೆಣಿಗೆಯು ಐರ್ಲೆಂಡ್ ದೇಶದ ಪುರಾತನ ಹಸ್ತಪ್ರತಿಗಳಲ್ಲಿಯೂ ಕಲ್ಲಿನ ಶಿಲುಬೆಗಳಲ್ಲಿಯೂ ಇರುವಂಥದ್ದೇ ಎಂದೂ, ಆರ್ಮೇನಿಯ ದೇಶದಲ್ಲಿಯೂ ಹೇರಳವಾಗಿದೆಯೆಂದೂ, ಭಾರತದ ಪಡುವಣ ಕರಾವಳಿಗೆ ಅದು ಹೇಗೆ ಬಂದಿತೋ ತಿಳಿಯದೆಂದೂ ಬರೆದನು. ಐರ್ಲೆಂಡಿನ ಆ ಹಸ್ತಪ್ರತಿಗಳಲ್ಲಿ ಪ್ರಸಿದ್ಧವಾದ ಕೆಲ್ಸ್ ಗ್ರಂಥವು ಸುಮಾರು ಕ್ರಿ. ಶ. 800ರದು; ಈಗ ಡಬ್ಲಿನ್ ನಗರದ ಟ್ರಿನಿಟಿ ಕಾಲೇಜಿನಲ್ಲಿದೆ. ಅದರ ಪುಟಗಳು ಕರುವಿನ ಚರ್ಮದವು. ಅದೇ ಹೆಣಿಗೆಯನ್ನು ನಮ್ಮವರು ಕಲ್ಲಿನ ಮೇಲೆ ಬಿಡಿಸಿದರೆಂಬುದು ಶ್ರಾವಕರಿಗೆ ಸಮಾಧಾನದ ಸಂಗತಿ.

ಫರ್ಗುಸನ್ನನ ವಿದ್ವತ್ತಿಗೆ ಗೌರವ ಸಲ್ಲಬೇಕು. ಆದರೆ ಆತನ ಪ್ರಶ್ನೆಯಲ್ಲಿಯೇ ಒಂದು ಕೊರತೆಯಿದೆ. ಹೆಣಿಗೆಯು ಎಲ್ಲಿಂದಲೋ ಬಂದಿರಲೇಬೇಕೆಂದು ಅವನು ಮೊದಲೇ ತೀರ್ಮಾನಿಸಿಬಿಟ್ಟನು. ಚಾಪೆ ನೇಯುವ, ಬುಟ್ಟಿ ಹೆಣೆಯುವ, ಹಗ್ಗ ಹೊಸೆಯುವ, ಕೂದಲು ಹೆಣೆಯುವ ಜನರು ಎಲ್ಲಿ ಇದ್ದಾರೋ ಅಲ್ಲಿ ಹೆಣಿಗೆಯ ಚಿತ್ರ ಹುಟ್ಟಲು ಹಡಗು ಬೇಕಾಗಿಲ್ಲ. ಅದಕ್ಕೆ ಸಾಕ್ಷಿ ಬೇಕಾದರೆ ಮೂಡುಬಿದಿರೆಯವರೆಗೆ ಹೋಗುವ ಶ್ರಮವೂ ಬೇಡ. ಕೋಲಾರ ತಾಲ್ಲೂಕಿನ ನರಸಾಪುರದ ಹೆದ್ದಾರಿಯನ್ನು ಬಿಟ್ಟು ಯಾವ ಹಳ್ಳಿಯ ಕಡೆಗೆ ತಿರುಗಿದರೂ ಅರಳಿಕಟ್ಟೆಯೊಂದು ಎದುರಾಗುತ್ತದೆ. ಕಟ್ಟೆಯ ಮೇಲೆ ನಾಗರಕಲ್ಲುಗಳ ಸಾಲು. ಜೋಡಿ ನಾಗಗಳು ಬಾಲದ ಮೇಲೆ ನಿಂತು, ಎರಡೋ ಮೂರೋ ಕಡೆ ಮೈಗೆ ಮೈ ಸುತ್ತಿ, ಹೆಡೆಗಳನ್ನು ಎದುರುಬದುರಾಗಿ ಎತ್ತಿರುವ ಆ ಕಲ್ಲುಗಳಿಗೆ ಅರಿಸಿನ ಕುಂಕುಮ ಮೆತ್ತಿರುತ್ತದೆ. ಅರಿಸಿನವನ್ನು ಕಣ್ಣಿನಿಂದ ಅತ್ತ ಸರಿಸಿ ನೋಡಿದರೆ ಕಾಣುವುದು ಅದೇ ಹೆಣಿಗೆ: ಒಂದು ಮೇಲೆ, ಒಂದು ಕೆಳಗೆ, ಮತ್ತೆ ಅದಲು ಬದಲು. ಹಿಂದಕ್ಕೆ ಹೋದರೆ ಬನವಾಸಿಯಲ್ಲಿ ಪ್ರಾಕೃತ ಬರಹವುಳ್ಳ ಐದು ಹೆಡೆಯ ನಾಗಶಿಲೆಯಿದೆ. ಬಾದಾಮಿಯ ಒಂದನೆಯ ಗುಹೆಯ ಮಾಳಿಗೆಯಲ್ಲಿ ಆರನೆಯ ಶತಮಾನದ ನಾಗರಾಜನು ಸುರುಳಿ ಸುತ್ತಿ ಕುಳಿತಿದ್ದಾನೆ.

ಜೋಡಿ ನಾಗವು ಪರಮತದ ಚಿಹ್ನೆ, ಅದರ ಹೆಣಿಗೆಯು ಬಸದಿಗೆ ಸಲ್ಲದು ಎಂದು ಹೇಳುವ ಸಾಧರ್ಮಿಗಳೂ ಉಂಟು. ಅವರು ಪಾರ್ಶ್ವನಾಥ ಸ್ವಾಮಿಯ ಚರಿತ್ರೆಯನ್ನು ಸ್ಮರಿಸಿಕೊಳ್ಳಬೇಕು. ತಾಪಸನು ಉರಿಸುತ್ತಿದ್ದ ಕೊರಡಿನೊಳಗೆ ಬೇಯುತ್ತಿದ್ದ ಸರ್ಪದಂಪತಿಗಳು ಪಾರ್ಶ್ವಕುಮಾರನ ಕರುಣೆಯಿಂದ ಪ್ರಾಣಾಂತ್ಯದಲ್ಲಿ ಪಂಚನಮಸ್ಕಾರವನ್ನು ಕೇಳಿ ಧರಣೇಂದ್ರ ಪದ್ಮಾವತಿಯರಾದ ಕಥೆಯನ್ನು ಮನೆಯ ಮಕ್ಕಳೂ ಬಲ್ಲರು. ಕರ್ಣಾಟಕದ ಪಾರ್ಶ್ವನಾಥ ಬಿಂಬಗಳ ಹಿಂದೆ ಧರಣೇಂದ್ರನ ಮೈಯು ಎಡಕ್ಕೂ ಬಲಕ್ಕೂ ಬಾಗಿ ಬಾಗಿ ಮೇಲೇರುವುದನ್ನು ಬಾದಾಮಿ, ಐಹೊಳೆಗಳಿಂದ ಮೊದಲ್ಗೊಂಡು ಇಂದಿನ ಬಿಂಬಗಳವರೆಗೆ ಕಾಣಬಹುದು. ಕೋಲಾರದ ಸೀಮೆಗೂ ಈ ಧರ್ಮಕ್ಕೂ ಇರುವ ನಂಟು ನಿನ್ನೆಯದಲ್ಲ. ಕುವಳಾಲಪುರವೆಂದರೆ ಈ ಕೋಲಾರವೇ. ಸಿಂಹನಂದಿ ಆಚಾರ್ಯರ ಅನುಗ್ರಹದಿಂದ ರಾಜ್ಯ ಕಟ್ಟಿದರೆಂದು ಪ್ರತೀತಿಯುಳ್ಳ ಗಂಗರು ರಾಜಧಾನಿಯು ತಲಕಾಡಿಗೆ ಹೋದ ಮೇಲೂ ತಮ್ಮನ್ನು ಕುವಳಾಲಪುರದ ಒಡೆಯರೆಂದೇ ಶಾಸನಗಳಲ್ಲಿ ಕರೆದುಕೊಂಡರು.

ಇನ್ನೊಂದು ಸಾಕ್ಷಿಯು ಮನೆಯ ಹೊಸ್ತಿಲಲ್ಲಿಯೇ ಇದೆ. ಚುಕ್ಕಿಯಿಟ್ಟು, ಚುಕ್ಕಿಗಳನ್ನು ಮುಟ್ಟದೆ, ಅವುಗಳ ಸುತ್ತ ಎಳೆಯನ್ನು ಸುತ್ತಿಸಿ ಹಾಕುವ ರಂಗೋಲಿಯನ್ನು ಈ ಸೀಮೆಯ ತಾಯಂದಿರು ಬಲ್ಲರು. ಮೂರು ಭಾಷೆಗಳು ಕೂಡುವ ಜಿಲ್ಲೆಯಾದ್ದರಿಂದ ತೆಲುಗು ಮನೆಯವರು ಅದನ್ನು ಮೆಲಿಕಲ ಮುಗ್ಗು ಎನ್ನುತ್ತಾರೆ, ತಮಿಳು ಮನೆಯವರು ಸಿಕ್ಕು ಕೋಲಂ ಎನ್ನುತ್ತಾರೆ. ಅದರ ಹಿಂದೆ ಸ್ವಾರಸ್ಯವಾದ ಲೆಕ್ಕವೊಂದಿದೆ; ಲೆಕ್ಕದ ಪುಸ್ತಕದೊಡನೆ ದಿನವೂ ಸರಸವಾಡುವ ಈ ಸಮಾಜಕ್ಕೆ ಅದು ರುಚಿಸದೆ ಇರಲಾರದು. ಒಂದು ಸಾಲಿಗೆ ನಾಲ್ಕರಂತೆ ಮೂರು ಸಾಲು ಚುಕ್ಕಿಯನ್ನಿಟ್ಟು, ಚುಕ್ಕಿಗಳ ನಡುವಿನ ತೆರಪಿನಲ್ಲಿ ಎಳೆಯನ್ನು ಓರೆಯಾಗಿ ನಡೆಸುತ್ತ, ಹೊರ ಅಂಚಿಗೆ ಬಂದಾಗ ಹೊರಳಿಸುತ್ತ ಹೋದರೆ, ಒಂದೇ ಎಳೆಯು ಹನ್ನೆರಡು ಚುಕ್ಕಿಗಳನ್ನೂ ಸುತ್ತಿ ಹೊರಟಲ್ಲಿಗೆ ಬರುತ್ತದೆ. ನಾಲ್ಕಕ್ಕೆ ನಾಲ್ಕು ಇಟ್ಟರೆ ಒಂದು ಎಳೆ ಸಾಲದು, ನಾಲ್ಕು ಬೇರೆ ಬೇರೆ ಎಳೆಗಳು ಬೇಕಾಗುತ್ತವೆ. ನಾಲ್ಕಕ್ಕೆ ಆರು ಇಟ್ಟರೆ ಎರಡು. ಶಾಲೆಯಲ್ಲಿ ಕಲಿತ ಮಹತ್ತಮ ಸಾಮಾನ್ಯ ಅಪವರ್ತನವೇ, ಅಂದರೆ ಮ.ಸಾ.ಅ.ವೇ, ಎಳೆಗಳ ಸಂಖ್ಯೆ! ಮೆಟ್ರಿಕ್ ಪರೀಕ್ಷೆಗಾಗಿ ಉರು ಹೊಡೆದು ಆಮೇಲೆ ಬಡ್ಡಿಯ ಲೆಕ್ಕಕ್ಕೂ ಬೇಕಾಗದೆಂದು ಮರೆತುಬಿಟ್ಟ ಆ ಮೂರಕ್ಷರವನ್ನು ಮನೆಯ ಹೆಣ್ಣುಮಕ್ಕಳು ಹೆಸರಿಲ್ಲದೆಯೇ ದಿನವೂ ಮುಂಜಾನೆ ಬಳಸುತ್ತಿದ್ದಾರೆ. ಆಫ್ರಿಕ ಖಂಡದ ಅಂಗೋಲದಲ್ಲಿ ಚೋಕ್ವೆ ಎಂಬ ಜನರು ಕಥೆ ಹೇಳುತ್ತ ಮರಳಿನ ಮೇಲೆ ಬೆರಳಿನಿಂದ ಇಂತಹವೇ ಚಿತ್ರಗಳನ್ನು ಬರೆಯುತ್ತಾರೆ. ಅವರಿಗೆ ಇದನ್ನು ಯಾರು ಕಲಿಸಿದರೆಂದು ಕೇಳುವುದು ವ್ಯರ್ಥ. ಚುಕ್ಕಿಯೂ ಎಳೆಯೂ ಎಲ್ಲಿ ಕೂಡಿದರೂ ಲೆಕ್ಕ ಒಂದೇ.

ಇದರೊಡನೆ ಹೆಣಿಗೆಗೆ ಇನ್ನೊಂದು ಕಟ್ಟಳೆಯುಂಟು. ಎಳೆಯು ಒಮ್ಮೆ ಮೇಲೆ ದಾಟಿದರೆ ಮುಂದಿನ ದಾಟಿನಲ್ಲಿ ಕೆಳಗೆ ಹೋಗಬೇಕು; ಎರಡು ಸಲ ಒಟ್ಟಿಗೆ ಮೇಲೆ ಹೋಗಕೂಡದು. ಎಳೆಗಳು ಎಷ್ಟೇ ಜಟಿಲವಾಗಿ ಸುತ್ತಿದರೂ, ಒಂದು ದಾಟಿನಲ್ಲಿ ಎರಡೇ ಎಳೆಗಳು ಕೂಡುವಂತೆ ಬರೆದಿದ್ದರೆ, ಈ ಕಟ್ಟಳೆಯನ್ನು ಕೊನೆಯವರೆಗೂ ಎಲ್ಲಿಯೂ ತೊಡಕಿಲ್ಲದೆ ಪಾಲಿಸಬಹುದೆಂಬುದು ಗಣಿತದಿಂದ ಸಿದ್ಧವಾದ ಮಾತು. ಆದ್ದರಿಂದ ಯಾವುದಾದರೂ ಕೆತ್ತನೆಯಲ್ಲಿ ಎಳೆಯು ಎರಡು ಕಡೆ ಒಟ್ಟಿಗೆ ಮೇಲೇರಿದ್ದರೆ ತಪ್ಪು ಮಾದರಿಯದಲ್ಲ, ಕೈಯದು. ಹೊಸ ಕಂಬಕ್ಕೆ ಹಳೆಯ ಹೆಣಿಗೆಯನ್ನು ಅನುಕರಿಸಿ ಕೆತ್ತಿಸುವ ಸಮಿತಿಯವರು ಬೇರೆ ವಿದ್ಯೆಯಿಲ್ಲದಿದ್ದರೂ ಬೆರಳನ್ನು ಎಳೆಯ ಮೇಲೆ ಓಡಿಸಿ, ಮೇಲೆ, ಕೆಳಗೆ, ಮೇಲೆ, ಕೆಳಗೆ ಎಂದು ಎಣಿಸಿ ಕೆಲಸದ ಸಾಚಾತನವನ್ನು ಪರೀಕ್ಷಿಸಬಹುದು. ಬಟ್ಟೆಯ ನೇಯ್ಗೆಯನ್ನು ಬೆಳಕಿಗೆ ಹಿಡಿದು ನೋಡುವುದಕ್ಕಿಂತ ಇದು ಕಷ್ಟವಲ್ಲ.

ತುಳುನಾಡಿನಲ್ಲಿಯೇ ಇದು ಇಷ್ಟು ಬೆಳೆದದ್ದೇಕೆ? ಹೊಯ್ಸಳರ ಶಿಲ್ಪಿಗಳಿಗೆ ದೊರೆತದ್ದು ಮೃದುವಾದ ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಆಮೇಲೆ ಗಟ್ಟಿಯಾಗುವ ಆ ಕಲ್ಲಿನಲ್ಲಿ ಒಡವೆಯ ಕೆಲಸವನ್ನೇ ಮಾಡಬಹುದು. ಹಳೇಬೀಡಿನಲ್ಲಿ ಗಂಗರಾಜನ ನೆನಪಿಗಾಗಿ ಅವನ ಮಗ ಬೊಪ್ಪನು 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ಕಂಬಗಳನ್ನು ತಿರುಗಣಿಗೆ ಹಿಡಿದು ಕಡೆದು ಕನ್ನಡಿಯಂತೆ ಮೆರುಗಿಟ್ಟಿದ್ದಾರೆ. ಅಲ್ಲಿ ಹೊಳಪೇ ಅಲಂಕಾರ. ಕಾರ್ಕಳದ ಕಲ್ಲು ಕಗ್ಗಲ್ಲು, ಇಲ್ಲಿಯ ಕೋಲಾರದ ಕಲ್ಲಿನಂತೆ. ಆಳವಾಗಿ ಕೊರೆಯಹೋದರೆ ಉಳಿಯೇ ಸೋಲುತ್ತದೆ. ಅಂತಹ ಕಲ್ಲಿಗೆ ಒಪ್ಪುವುದು ಮೇಲ್ಮೈಯಲ್ಲಿಯೇ ಆಡುವ, ಬೆರಳಿನ ಅಗಲದ ಪಟ್ಟಿಯ ಕೆಲಸ. ಅದರೊಡನೆ ಮಳೆಯ ನಾಡಿನ ಮರದ ಮನೆಗಳ ಬಡಗಿಕೆಲಸವೂ ಕಣ್ಣೆದುರಿಗಿತ್ತು. ಕಲ್ಲು, ಉಳಿ, ಬಡಗಿಯ ಮಾದರಿ, ಈ ಮೂರೂ ಕೂಡಿ ಹೆಣಿಗೆಗೆ ಎಡೆ ಮಾಡಿಕೊಟ್ಟಿರಬೇಕೆಂದು ಊಹಿಸುವುದು ಯುಕ್ತವಾಗಿ ಕಾಣುತ್ತದೆ.

ಇನ್ನು ಧರ್ಮದ ಪ್ರಶ್ನೆ. ಜಿನಮುನಿಗಳಿಗೆ ನಿರ್ಗ್ರಂಥರೆಂದು ಹೆಸರು. ಗ್ರಂಥವೆಂದರೆ ಗಂಟು, ಪರಿಗ್ರಹವೇ ಆ ಗಂಟು. ಮಿಥ್ಯಾತ್ವ, ನಾಲ್ಕು ಕಷಾಯ, ಒಂಬತ್ತು ನೋಕಷಾಯ ಎಂದು ಒಳಗಿನವು 14. ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯ ಮೊದಲಾಗಿ ಹೊರಗಿನವು 10. ಹೊರಗಿನ ಹತ್ತರ ಪಟ್ಟಿಯನ್ನು ಓದಿದರೆ ವರ್ತಕನ ದಾಸ್ತಾನಿನ ಪುಸ್ತಕವನ್ನೇ ಓದಿದಂತಾಗುತ್ತದೆ. ಆಚಾರ್ಯರು ಯಾರನ್ನು ಕಣ್ಣಮುಂದಿಟ್ಟುಕೊಂಡು ಅದನ್ನು ಬರೆದರೋ! ತತ್ತ್ವಾರ್ಥಸೂತ್ರದ ಎಂಟನೆಯ ಅಧ್ಯಾಯವು ಬಂಧದ ಕಾರಣಗಳನ್ನು ಹೇಳಿ, ಪ್ರಕೃತಿ, ಸ್ಥಿತಿ, ಅನುಭಾಗ, ಪ್ರದೇಶವೆಂದು ಬಂಧವನ್ನು ನಾಲ್ಕಾಗಿ ವಿಭಾಗಿಸುತ್ತದೆ. ಹೀಗಿರುವಾಗ ಗಂಟನ್ನು ಬಿಚ್ಚಿದವರ ಮನೆಯ ಕಂಬದ ಮೇಲೆ ಬಿಚ್ಚಲಾಗದ ಗಂಟನ್ನು ಕೆತ್ತಿದ್ದು ವಿರೋಧವಲ್ಲವೇ?

ಇದಕ್ಕೆ ಶಿಲ್ಪಿಗಳಾಗಲಿ ಮಾಡಿಸಿದವರಾಗಲಿ ಉತ್ತರವನ್ನು ಬರೆದಿಟ್ಟಿಲ್ಲ. ಇಲ್ಲಿ ಹೇಳುವುದು ಆಗಮವಚನವಲ್ಲ, ನೋಡಿದವರ ಭಾವನೆ ಮಾತ್ರ. ಹೆಣಿಗೆಯು ಇರುವ ಸ್ಥಳವನ್ನು ಗಮನಿಸಬೇಕು. ಅದು ಮಾನಸ್ತಂಭದಲ್ಲಿದೆ, ಮುಖಮಂಟಪದ ಕಂಬಗಳಲ್ಲಿದೆ, ಶ್ರಾವಕರು ನಡೆದಾಡುವ, ಕುಳಿತು ಮಾತನಾಡುವ ಎಡೆಗಳಲ್ಲಿದೆ. ಒಳಗೆ ಗರ್ಭಗೃಹದಲ್ಲಿ ನಿಂತ ಜಿನಬಿಂಬದ ಮೇಲೆ ಒಂದು ನೂಲಿನೆಳೆಯೂ ಇಲ್ಲ. ಆಭರಣವಿಲ್ಲ, ವಸ್ತ್ರವಿಲ್ಲ, ಆಯುಧವಿಲ್ಲ. ಎಳೆಯು ತನ್ನಲ್ಲಿಯೇ ಸುತ್ತುವ ಕಂಬಗಳ ನಡುವೆ ನಡೆದು ಬಂದ ಕಣ್ಣು, ಏನೂ ಸುತ್ತಿಲ್ಲದ ಮೂರ್ತಿಯ ಮುಂದೆ ನಿಲ್ಲುತ್ತದೆ. ಗೊಮ್ಮಟಸ್ವಾಮಿಯ ವಿಷಯದಲ್ಲಿ ಮಾತ್ರ ಕ್ರಮ ಬೇರೆ. ಅಲ್ಲಿ ಮಾಧವೀಲತೆಯು ತೊಡೆಯನ್ನೂ ತೋಳನ್ನೂ ಸುತ್ತಿ ಏರಿದೆ. ಆದರೆ ಮೊದಲೇ ಹೇಳಿದಂತೆ ಅದು ಬಳ್ಳಿ, ಹೆಣಿಗೆಯಲ್ಲ. ಅದಕ್ಕೆ ಬೇರುಂಟು, ತುದಿಯುಂಟು, ಆದ್ದರಿಂದ ಬಿಡಿಸಿಕೊಳ್ಳುವ ದಾರಿಯೂ ಉಂಟು. ಬಾಹುಬಲಿಗೆ ಅದರ ಪರಿವೆಯಾದರೂ ಎಲ್ಲಿತ್ತು!

ಗ್ರಂಥವೆಂಬ ಶಬ್ದವೇ ಪುಸ್ತಕಕ್ಕೂ ಸಲ್ಲುವುದು ಕನ್ನಡಿಗರಿಗೆ ತಿಳಿದದ್ದೇ. ತಾಳೆಗರಿಗಳಿಗೆ ರಂಧ್ರ ಮಾಡಿ, ದಾರ ಪೋಣಿಸಿ, ಗಂಟು ಹಾಕಿ ಕಟ್ಟಿದ್ದು ಗ್ರಂಥ. ಆ ಗಂಟು ಬಂಧನವಲ್ಲ, ರಕ್ಷೆ. ಷಟ್ಖಂಡಾಗಮದ ಧವಲಾ ಟೀಕೆಯ ತಾಳೆಪ್ರತಿಗಳನ್ನು ಮೂಡುಬಿದಿರೆಯವರು ಶತಮಾನಗಳ ಕಾಲ ಹೀಗೆ ಕಟ್ಟಿ ಕಾಪಾಡಿದ್ದರಿಂದಲೇ 1939ರಿಂದ ಡಾ. ಹೀರಾಲಾಲ ಜೈನರು ಅದನ್ನು ಸಂಪುಟ ಸಂಪುಟವಾಗಿ ಅಚ್ಚು ಮಾಡಿಸಲು ಸಾಧ್ಯವಾಯಿತು. ಹನ್ನೆರಡನೆಯ ಶತಮಾನದ ಆ ಗರಿಗಳ ಮೇಲೆ ಜಿನಬಿಂಬ, ಯಕ್ಷಯಕ್ಷಿಯರ ಜೊತೆಗೆ ಚಿತ್ತಾರದ ಚಕ್ರಗಳನ್ನೂ ಬಣ್ಣದಲ್ಲಿ ಬರೆದಿದ್ದಾರೆ. ಪಶ್ಚಿಮದಲ್ಲಿಯೂ ಲಿಯೊನಾರ್ಡೊ, ಡ್ಯೂರರ್ ಎಂಬ ಮಹಾಚಿತ್ರಕಾರರು ಇಂತಹ ಗಂಟುಗಳನ್ನು ಬರೆದರು. ಅವುಗಳ ಅರ್ಥವನ್ನು ಕುರಿತು ಆನಂದ ಕುಮಾರಸ್ವಾಮಿಯವರು 1944ರಲ್ಲಿ ಒಂದು ಪ್ರಬಂಧವನ್ನೇ ಬರೆದಿದ್ದಾರೆ.

ಈಗ ಸಭೆಯು ಬೇಸರಪಡದೆ ಕೇಳಬೇಕಾದ ಮಾತೊಂದಿದೆ. ಮೇಲೆ ಹೇಳಿದ ತ್ಯಾಗದ ಕಂಬದ ಮೇಲೆ ಚಾವುಂಡರಾಯನು ತನ್ನ ಚರಿತ್ರೆಯನ್ನು ಹೇಳುವ ದೀರ್ಘವಾದ ಶಾಸನವನ್ನು ಕೆತ್ತಿಸಿದ್ದನು. ಸುಮಾರು ಕ್ರಿ. ಶ. 1200ರಲ್ಲಿ ಹೆಗ್ಗಡೆ ಕಣ್ಣನೆಂಬವನು ಆ ಕಂಬಕ್ಕೆ ಯಕ್ಷನನ್ನು ಮಾಡಿಸಿದ ತನ್ನ ದಾನವನ್ನು ದಾಖಲಿಸುವ ಸಲುವಾಗಿ ಮೂರು ಮುಖಗಳ ಬರಹವನ್ನು ಅಳಿಸಿಹಾಕಿದನು. ಅವನು ಬರೆಯಿಸಿದ್ದು ಕೆಲವೇ ಸಾಲು. ಉಳಿದ ಒಂದು ಮುಖದಲ್ಲಿ ಚಾವುಂಡರಾಯನ ಕೆಲವು ಪದ್ಯಗಳು ಮಾತ್ರ ನಿಂತಿವೆ. ಜಗತ್ತೇ ಬಂದು ನೋಡುವ ಗೊಮ್ಮಟಮೂರ್ತಿಯನ್ನು ಮಾಡಿಸಿದವನು ತನ್ನ ಬಾಯಿಂದ ಹೇಳಿದ್ದೇನೆಂಬುದು ಹೀಗೆ ಕಲ್ಲಿನ ಪುಡಿಯಾಗಿ ಹೋಯಿತು. ಹೆಗ್ಗಡೆ ಕಣ್ಣನು ಶತ್ರುವಲ್ಲ, ಪರಧರ್ಮೀಯನೂ ಅಲ್ಲ, ಭಕ್ತ, ದಾನಿ. ಇದನ್ನು ಮರೆಯಬಾರದು.

ಏಕೆಂದರೆ ಇಂದು ಹೆಣಿಗೆಯ ಪಟ್ಟಿಕೆಗಳಿಗೆ ಬಂದಿರುವ ಆಪತ್ತೂ ಭಕ್ತರಿಂದಲೇ, ಜೀರ್ಣೋದ್ಧಾರದ ಸದ್ಭಾವನೆಯಿಂದಲೇ. ವರ್ಷ ವರ್ಷವೂ ಬಳಿದ ಸುಣ್ಣದ ಪದರಗಳಡಿಯಲ್ಲಿ ಹೆಣಿಗೆಯು ಮೊದಲು ಮಸುಕಾಗುತ್ತದೆ, ಆಮೇಲೆ ಉಬ್ಬು ತಗ್ಗು ಮಾತ್ರವಾಗುತ್ತದೆ, ಕೊನೆಗೆ ಅದೂ ಇಲ್ಲ. ಸುಣ್ಣವಾದರೂ ಉಸಿರಾಡುತ್ತದೆ, ತಾಳ್ಮೆಯಿಂದ ತೆಗೆದರೆ ಬರುತ್ತದೆ. ಎಣ್ಣೆಬಣ್ಣವು ಕಲ್ಲಿನ ತೇವವನ್ನು ಒಳಗೇ ಕೂಡಿಹಾಕುತ್ತದೆ. ಆ ಬಣ್ಣವನ್ನು ತೆಗೆಯಲು ಯಂತ್ರದಿಂದ ಮರಳನ್ನು ರಭಸವಾಗಿ ಎರಚಿಸಿದರೆ ಬಣ್ಣದೊಡನೆ ಕೆತ್ತನೆಯ ಅಂಚೂ ಹೋಗುತ್ತದೆ. ಅಂಚು ಹೋದ ಹೆಣಿಗೆಯಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಎಂಬುದೇ ತಿಳಿಯದು. ಹಾಗಾದ ಮೇಲೆ ಅದು ಹೆಣಿಗೆಯೇ ಅಲ್ಲ, ಗೀರುಗಳ ರಾಶಿ. ಇನ್ನು ಕೆಲವೆಡೆ ಹಳೆಯ ಕಂಬಗಳಿಗೆ ನುಣುಪಾದ ಬಿಲ್ಲೆಗಳನ್ನು ಹೊದಿಸಿ, ಅದರ ಮೇಲೆ ದಾನಿಗಳ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಕೆತ್ತಿಸುವುದು ವಾಡಿಕೆಯಾಗಿದೆ. ದಾನಕ್ಕೆ ಕೀರ್ತಿ ಸಲ್ಲಬೇಕು, ಸಲ್ಲಲಿ. ಹೆಸರಿಗೆ ಬೇರೆ ಗೋಡೆಯಿದೆ.

ಅನ್ಯಮಾರ್ಗವಿಲ್ಲವೆಂದೇನೂ ಅಲ್ಲ. ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟು 1991ರಿಂದ ರಾಜ್ಯದ ಪುರಾತತ್ತ್ವ ಇಲಾಖೆಯೊಡನೆ ಕೂಡಿ ಅನೇಕ ಹಳೆಯ ದೇವಾಲಯ, ಬಸದಿಗಳನ್ನು ಹಳೆಯ ರೂಪದಲ್ಲಿಯೇ ಎತ್ತಿ ನಿಲ್ಲಿಸಿದೆ. ಕಸುಬು ಬಲ್ಲ ಕೈಗಳೂ ಉಳಿದಿವೆ. ಧರ್ಮಸ್ಥಳದಲ್ಲಿ 1982ರಲ್ಲಿ ಪ್ರತಿಷ್ಠೆಗೊಂಡ 39 ಅಡಿಯ ಬಾಹುಬಲಿ ಮೂರ್ತಿಯನ್ನು ಕಡೆದವರು ಕಾರ್ಕಳದ ರೆಂಜಾಳ ಗೋಪಾಲಕೃಷ್ಣ ಶೆಣೈಯವರು. ಅದೇ ಕಾರ್ಕಳದಲ್ಲಿ ಕೆನರಾ ಬ್ಯಾಂಕಿನ ಆಶ್ರಯದ ಶಿಲ್ಪಶಾಲೆಯಲ್ಲಿ ತರುಣರು ಕಲ್ಲಿನ ಕೆಲಸವನ್ನು ಕಲಿತು ಹೊರಬಂದಿದ್ದಾರೆ. ಹೊಸದಾಗಿ ಬಸದಿಯನ್ನು ಕಟ್ಟುವವರು ಇಂತಹವರಿಗೆ ಕಂಬದ ಒಂದು ಮುಖವನ್ನಾದರೂ ಬಿಟ್ಟುಕೊಟ್ಟರೆ ಯಂತ್ರದ ನುಣುಪಿನ ನಡುವೆ ಕೈಯ ಕೆಲಸಕ್ಕೆ ಸ್ಥಳ ದೊರೆಯುತ್ತದೆ. ಖರ್ಚಿನ ಪ್ರಶ್ನೆಯು ಬರುತ್ತದೆ, ಬರಲಿ. ಮೆರುಗಿನ ಬಿಲ್ಲೆಗೂ ಹಣ ಕೊಡುತ್ತಾರೆ.

ಜೀರ್ಣೋದ್ಧಾರಕ್ಕೆ ಕೈಹಾಕುವ ಮೊದಲು ಹಳೆಯ ಕಂಬಗಳ ಪಡಿಯಚ್ಚನ್ನು ತೆಗೆದಿಟ್ಟುಕೊಳ್ಳಬಹುದು. ಇದಕ್ಕೆ ವಿದ್ವಾಂಸರೇ ಬರಬೇಕೆಂದಿಲ್ಲ. ಶಾಲೆಯ ಹುಡುಗರೂ ಮಾಡಬಲ್ಲರು. ಮೊದಲು ಒಣ ಬಟ್ಟೆಯಿಂದ ಧೂಳನ್ನು ಒರೆಸಬೇಕು; ಉಕ್ಕಿನ ಕುಂಚವನ್ನು ಮುಟ್ಟಿಸಕೂಡದು. ತೆಳುವಾದ, ಗಟ್ಟಿಯಾದ ಕಾಗದವನ್ನು ಕಂಬದ ಮುಖಕ್ಕೆ ಹರಡಿ, ನಾಲ್ಕು ಕಡೆ ಇಬ್ಬರು ಒತ್ತಿ ಹಿಡಿದರೆ, ಮೂರನೆಯವನು ಇದ್ದಿಲಿನ ತುಂಡನ್ನು ಅಡ್ಡಲಾಗಿ ಹಿಡಿದು ಹಗುರವಾಗಿ ಉಜ್ಜಬೇಕು. ಉಬ್ಬಿದ ಎಳೆಗಳು ಕಪ್ಪಾಗಿಯೂ ತಗ್ಗುಗಳು ಬಿಳಿಯಾಗಿಯೂ ಮೂಡುತ್ತವೆ. ಸುಣ್ಣದ ಕೆಳಗೆ ಕಣ್ಣಿಗೆ ಕಾಣದೆ ಇದ್ದ ದಾಟುಗಳು ಕೂಡ ಎಷ್ಟೋ ಸಲ ಕಾಗದದಲ್ಲಿ ಎದ್ದು ಬರುತ್ತವೆ. ಕಾಗದದ ಹಿಂದೆ ಬಸದಿಯ ಹೆಸರು, ಕಂಬದ ಸಾಲು, ಮುಖದ ದಿಕ್ಕು, ನೆಲದಿಂದ ಎಷ್ಟು ಎತ್ತರ, ತಾರೀಖು, ಇಷ್ಟನ್ನು ಬರೆದು, ಮಡಿಸದೆ ಸುರುಳಿ ಸುತ್ತಿ, ಬಸದಿಯ ಪೆಟ್ಟಿಗೆಯಲ್ಲಿ ಶಾಸ್ತ್ರಗ್ರಂಥಗಳ ಪಕ್ಕದಲ್ಲಿಯೇ ಇಡಬೇಕು. ಸುರುಳಿಗೆ ದಾರವನ್ನು ಕಟ್ಟುವಾಗ ಸುಲಭವಾಗಿ ಬಿಚ್ಚುವಂತಹ ಗಂಟನ್ನು ಹಾಕುವುದು ಮೇಲು.